ಎಲ್ಲವನ್ನೂ ಕರ್ಮಣಿ ಪ್ರಯೋಗ ಅನ್ನಬೇಡಿ

ನಮಸ್ಕಾರ. ಆಸ್ಟ್ರೋನೇಷಿಯನ್ ಭಾಷೆಗಳ ವಾಕ್ಯಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳುವುದು ಮೂರು ಮಾತು. ಆಸ್ಟ್ರೋನೇಷಿಯನ್ ಭಾಷೆಗಳಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಫಿಲಿಪೀನ್ಸ್‌ನ ಟಗಾಲೊಗ್ ಭಾಷೆ ಮಾತಾಡುವವರು ಹೆಚ್ಚಾಗಿ ಕರ್ಮಣಿ ಪ್ರಯೋಗದಲ್ಲೇ ಮಾತಾಡುತ್ತಾರೆ. ಮಾಡಿದವನನ್ನು ಹಿಂದೆ ಸರಿಸುವುದು ಫಿಲಿಪೀನ್ಸ್ ಜನರ ವಿನಯದ ಗುರುತು.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ತೈವಾನ್‌ನಿಂದ ಮಡಗಾಸ್ಕರ್‌ವರೆಗೆ, ಆ ಕಡೆ ಈಸ್ಟರ್ ದ್ವೀಪದವರೆಗೆ ಹರಡಿರುವ ಈ ಕುಟುಂಬದಲ್ಲಿ 1,200ಕ್ಕೂ ಜಾಸ್ತಿ ಭಾಷೆಗಳಿವೆ. ಇಂಡೋನೇಷಿಯನ್‌ನಲ್ಲಿ ಮಾಡಿದವನು ಮೊದಲು, ಆಮೇಲೆ ಕ್ರಿಯಾಪದ. ಒಂದೇ ವಾಕ್ಯದಲ್ಲಿ ಎಲ್ಲವನ್ನೂ ಕಟ್ಟಿಹಾಕಬೇಡಿ.

ಎರಡನೆಯದೇ ಮುಖ್ಯ. 'ಬುಮಿಲಿ ಆಂಗ್ ಲಲಾಕಿ ನಾಂಗ್ ಇಸ್ದಾ' ಅಂದರೆ ಆ ಮನುಷ್ಯ ಮೀನು ಕೊಂಡ. 'ಬಿನಿಲಿ ನಾಂಗ್ ಲಲಾಕಿ ಆಂಗ್ ಇಸ್ದಾ' ಅಂದರೆ ಆ ಮನುಷ್ಯ ಆ ಮೀನನ್ನು ಕೊಂಡ. ಕ್ರಿಯಾಪದ ಆರಿಸಿಕೊಂಡ ಪದಕ್ಕೆ 'ಆಂಗ್' ಗುರುತು, ಇನ್ನೊಂದಕ್ಕೆ 'ನಾಂಗ್'. ನೀವು ಎರಡನೆಯದಕ್ಕೆ 'ಮೀನು ಕೊಳ್ಳಲ್ಪಟ್ಟಿತು' ಅಂತ ಬರೆದಿದ್ದೀರಿ. ಕನ್ನಡದಲ್ಲಿ ಯಾರಾದರೂ ಮನೆಯಲ್ಲಿ ಹಾಗೆ ಮಾತಾಡುತ್ತಾರಾ? ಟಗಾಲೊಗ್‌ನ ಆ ವಾಕ್ಯವಾದರೋ ದಿನಬಳಕೆಯದು. ಎರಡು ರೂಪಗಳೂ 'ಬಿಲಿ' ಎಂಬ ಒಂದೇ ಧಾತುವಿನಿಂದ ಬಂದಿವೆ, ನಡುವೆ ಒಂದರಲ್ಲಿ 'ಉಮ್' ಸೇರಿದೆ, ಇನ್ನೊಂದರಲ್ಲಿ 'ಇನ್'. ಒಂದು ಮೂಲ, ಇನ್ನೊಂದು ಅದನ್ನು ತಿರುಗಿಸಿದ್ದು ಅಂತ ಹೇಳಲು ಆಧಾರವೇ ಇಲ್ಲ. ಕೊಂಡವನನ್ನು ಯಾರೂ ಹೊರಗೆ ಹಾಕಿಲ್ಲ, ಅವನು ವಾಕ್ಯದೊಳಗೇ ಗಟ್ಟಿಯಾಗಿ ಕೂತಿದ್ದಾನೆ. ಭಾಷಾಶಾಸ್ತ್ರಜ್ಞ ಬ್ಲೂಮ್‌ಫೀಲ್ಡ್ ಕೂಡ 1917ರಲ್ಲಿ ಇವನ್ನು ಕರ್ಮಣಿ ಅಂತಲೇ ಕರೆದರು, ಹಾಗಾಗಿ ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ 1976ರಲ್ಲಿ ಇನ್ನೊಬ್ಬ ಭಾಷಾಶಾಸ್ತ್ರಜ್ಞ ಪಾಲ್ ಶಾಕ್ಟರ್, ವ್ಯಾಕರಣದಲ್ಲಿ ಕರ್ತೃಪದಕ್ಕೆ ಹೇಳುವ ಲಕ್ಷಣಗಳು ಇಲ್ಲಿ ಒಂದೇ ಪದದಲ್ಲಿ ಸೇರಿಲ್ಲ, 'ಆಂಗ್' ಇರುವ ಪದಕ್ಕೂ ಮಾಡಿದವನಿಗೂ ಹಂಚಿಹೋಗಿವೆ ಅಂತ ತೋರಿಸಿದ ಮೇಲೆ ಆ ಹೆಸರು ಹಾಕಿ ಸುಮ್ಮನಾಗಲು ಬರುವುದಿಲ್ಲ.

ವಿನಯದ ಭಾಗವನ್ನು ಪೂರ್ತಿ ತೆಗೆಯಿರಿ. 'ಕಿನಾಯಿನ್ ಕೊ ಆಂಗ್ ಇಸ್ದಾ', ಆ ಮೀನನ್ನು ನಾನು ತಿಂದೆ ಅಂತ ನೇರವಾಗಿ ಒಪ್ಪಿಕೊಳ್ಳುವವನೂ ಇದೇ ರೂಪ ಬಳಸುತ್ತಾನೆ. ಇಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಮೀನು ಗೊತ್ತಿರುವುದೋ, ಯಾವುದೋ ಒಂದೋ ಎನ್ನುವುದು. ನಾವೂ 'ಮೀನು ಕೊಂಡ', 'ಮೀನನ್ನು ಕೊಂಡ' ಅಂತ ಸ್ವಲ್ಪ ಹೀಗೇ ವ್ಯತ್ಯಾಸ ಮಾಡುತ್ತೇವೆ ಅಲ್ವಾ? ನಾವು ಅದನ್ನು ನಾಮಪದದ ಮೇಲೆ ತೋರಿಸುತ್ತೇವೆ, ಅವರು ಕ್ರಿಯಾಪದದಲ್ಲೂ ತೋರಿಸುತ್ತಾರೆ. ಒಂದು ಜನಾಂಗದ ಸ್ವಭಾವವನ್ನು ಪ್ರತ್ಯಯದಲ್ಲಿ ಹುಡುಕುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ನೀವು ಬಿಟ್ಟಿರುವ ವಿಷಯವೇ ಲೇಖನದ ಜೀವಾಳ ಆಗಬೇಕಿತ್ತು. ಕನ್ನಡದಲ್ಲಿ ಮೀನು ಕೊಂಡ ಮನುಷ್ಯ, ಮನುಷ್ಯ ಕೊಂಡ ಮೀನು, ಮೀನು ಕೊಂಡ ಅಂಗಡಿ: ಮೂರಕ್ಕೂ 'ಕೊಂಡ' ಒಂದೇ ಸಾಕು. ಯಾರು, ಏನು, ಎಲ್ಲಿ ಅನ್ನುವುದನ್ನು ಕೇಳುವವರೇ ತಿಳಿದುಕೊಳ್ಳುತ್ತಾರೆ. ಟಗಾಲೊಗ್‌ನಲ್ಲಿ ಮನುಷ್ಯನಿಗೆ 'ಬುಮಿಲಿ', ಮೀನಿಗೆ 'ಬಿನಿಲಿ', ಅಂಗಡಿಗೆ 'ಬಿನಿಲ್ಹಾನ್' ಆಗಲೇಬೇಕು. ಕ್ರಿಯಾಪದ ಯಾರನ್ನು ಆರಿಸಿಕೊಂಡಿದೆಯೋ ಅವರನ್ನು ಮಾತ್ರ ಹೀಗೆ ವರ್ಣಿಸಬಹುದು. ಈ ರೂಪಗಳು ಯಾಕೆ ಬೇಕು ಅನ್ನುವುದು ಕನ್ನಡ ಓದುಗರಿಗೆ ಇಲ್ಲಿ ಥಟ್ಟನೆ ಹೊಳೆಯುತ್ತದೆ, ನೀವು ಎರಡು ಪುಟ ವ್ಯಾಖ್ಯೆ ಕೊಟ್ಟರೂ ಅಷ್ಟು ಹೊಳೆಯುವುದಿಲ್ಲ.

'ಪದಗಳನ್ನು ಹೇಗೆ ಬೇಕಾದರೂ ಇಡಬಹುದು' ಅಂತಲೂ ಬರೆದಿದ್ದೀರಿ. ಕ್ರಿಯಾಪದದ ನಂತರ ಸಡಿಲ ಇದೆ, ನಿಜ. ಆದರೆ 'ಬಿನಿಲಿ ಕೊ ಆಂಗ್ ಇಸ್ದಾ' (ಆ ಮೀನನ್ನು ನಾನು ಕೊಂಡೆ) ಅನ್ನುವುದಕ್ಕೆ ಇಲ್ಲ ಎನ್ನುವ ಅರ್ಥದ ಟಗಾಲೊಗ್ ಪದ 'ಹಿಂದಿ' ಸೇರಿಸಿ ನೋಡಿ: 'ಹಿಂದಿ ಕೊ ಬಿನಿಲಿ ಆಂಗ್ ಇಸ್ದಾ'. ನಾನು ಎನ್ನುವ 'ಕೊ' ಹಾರಿ ಎರಡನೇ ಜಾಗಕ್ಕೆ ಬಂತು. ಅದಕ್ಕೆ ಅಲ್ಲೇ ಜಾಗ.

ಮಡಗಾಸ್ಕರ್‌ನ ಮಲಗಾಸಿ ಬಗ್ಗೆ ಬರೆದ ಪ್ಯಾರಾ ಮಾತ್ರ ನಿಜಕ್ಕೂ ಚೆನ್ನಾಗಿದೆ. ತೊಳೆಯುತ್ತಾಳೆ, ಬಟ್ಟೆ, ರಸುವ (ಒಬ್ಬ ಹೆಂಗಸಿನ ಹೆಸರು) ಅಂತ ಮಾಡುವವಳು ಕೊನೆಗೆ ಬರುವುದು, ಕ್ರಿಯಾಪದ ಬದಲಿಸಿದರೆ ಅದೇ ಕೊನೆಯ ಜಾಗಕ್ಕೆ ಸೋಪು ಬರುವುದು, ಇದನ್ನು ಗಡಿಬಿಡಿ ಇಲ್ಲದೆ ಬಿಡಿಸಿದ್ದೀರಿ. ಪಾರಿಭಾಷಿಕ ಪದ ಒಂದೂ ಇಲ್ಲ. ಇಡೀ ಲೇಖನ ಹೀಗೇ ಇರಲಿ.

ಇನ್ನೊಂದು ಸಲ ಬರೆಯುವಾಗ ಟಗಾಲೊಗ್, ಮಲಗಾಸಿ ಎರಡನ್ನೇ ಇಟ್ಟುಕೊಳ್ಳಿ. ಸುಮ್ನೆ ಹತ್ತು ಭಾಷೆಗಳ ಹೆಸರು ಬೇಡ. ಪ್ರತಿ ಉದಾಹರಣೆಯ ಕೆಳಗೆ ಪದಕ್ಕೆ ಪದ ಅರ್ಥ ಕೊಡಿ, ಆಮೇಲೆ ಸಹಜ ಕನ್ನಡ. ಸಾಧ್ಯವಾದರೆ ಆ ಭಾಷೆ ಮಾತಾಡುವ ಒಬ್ಬರಿಗೆ ವಾಕ್ಯಗಳನ್ನು ಓದಿ ಹೇಳಿ, ಸರಿಯಿದೆಯಾ ಕೇಳಿ. ಕಳಿಸಿ, ಖಂಡಿತ ಓದುತ್ತೇನೆ.