ಟಿಟಿ ಟಾಪ್‌ಗೆ ಫ್ಯಾನ್ ಕೂರಿಸುವುದು: ಗೌರಿಬಿದನೂರಿನ ಗೆಳೆಯರ ಪ್ರಶ್ನೆಗೆ ಉತ್ತರ

ಸರ್, ನಮಸ್ಕಾರ. ನಾನು ತುಮಕೂರಿನವನು. ನಿಮ್ಮ ಪ್ರಶ್ನೆ ಓದಿದೆ. ಹಳೇ ಟೆಂಪೋ ಟ್ರಾವೆಲರ್ (ಟಿಟಿ) ತಗೊಂಡು ಸೀಟು ಬಿಚ್ಚಿಸಿ, ಹಿಂದೆ ಮಂಚ, ಪಕ್ಕದ ಬಾಗಿಲ ಹತ್ತಿರ ಸಣ್ಣ ಅಡುಗೆ ಕಟ್ಟೆ ಮಾಡಿಸಿದ್ದೀರಿ. ರಾತ್ರಿ ಒಳಗೆ ಧಗೆ ತಡೆಯಲಾಗುತ್ತಿಲ್ಲ. ಟಾಪ್ ಮಧ್ಯಕ್ಕೆ 14 ಇಂಚಿನ 12 ವೋಲ್ಟ್ ಫ್ಯಾನ್ ಹಾಕಿಸೋಣ ಅಂತಿದ್ದೀರಿ. ಟಿಂಕರ್ ಗ್ರೈಂಡರ್‌ನಲ್ಲಿ ಕತ್ತರಿಸಿ ಸಿಲಿಕಾನ್ ಹಾಕಿ ಸಂಜೆಯೊಳಗೆ ಕೊಡ್ತೀನಿ ಅಂದಿದ್ದಾರೆ. ಒಪ್ಪಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಕೆಳಗೆ ಇನ್ನೊಬ್ಬರು ಫ್ಯಾನ್ ದಂಡ, ಎಸಿ ಹಾಕಿಸಿ ಅಂದಿದ್ದಾರೆ.

ಫ್ಯಾನ್ ಹಾಕಿಸಿ, ಖಂಡಿತ ದಂಡ ಅಲ್ಲ. ಆದರೆ ಗ್ರೈಂಡರ್‌ಗೂ ಬೇಡ ಅನ್ನಿ, ಸಿಲಿಕಾನ್‌ಗೂ ಬೇಡ ಅನ್ನಿ. ತೂತಿನ ಜಾಗವನ್ನೂ ಇನ್ನೊಮ್ಮೆ ಯೋಚಿಸಿ. ಗಾಳಿ ಹೊರಗೆ ಹೋಗುವ ದಾರಿ ಮಾಡುವುದಕ್ಕಿಂತ ಮುಂಚೆ ಒಳಗೆ ಬರುವ ದಾರಿ ಎಲ್ಲಿ ಅಂತ ಗೊತ್ತುಮಾಡಿಕೊಳ್ಳಬೇಕು. ಇದನ್ನು ಬಿಟ್ಟು ಬೇರೆ ಎಲ್ಲ ಸರಿ ಮಾಡಿದರೂ ಫ್ಯಾನ್ ಸುಮ್ನೆ ತಿರುಗುತ್ತದೆ ಅಷ್ಟೇ.

ಲೆಕ್ಕ ನೋಡಿ. ನಿಮ್ಮ ಗಾಡಿ ಒಳಗೆ 4 ಮೀಟರ್ ಉದ್ದ, 1.7 ಅಗಲ, 1.8 ಎತ್ತರ ಅಂತಿಟ್ಟುಕೊಳ್ಳಿ. ಅಂದರೆ ಸುಮಾರು 12 ಘನ ಮೀಟರ್, 430 ಘನ ಅಡಿ ಗಾಳಿ. ಒಳ್ಳೆ 14 ಇಂಚಿನ ಫ್ಯಾನ್‌ಗಳು ಜೋರಾಗಿ ತಿರುಗಿದಾಗ ನಿಮಿಷಕ್ಕೆ 900 ಘನ ಅಡಿ ಗಾಳಿ ಎಳೆಯುತ್ತವೆ ಅಂತ ಕಂಪನಿಯವರು ಬರೆದಿರುತ್ತಾರೆ. ಕಾಗದದ ಮೇಲೆ ಅರ್ಧ ನಿಮಿಷಕ್ಕೆ ಇಡೀ ಗಾಡಿಯ ಗಾಳಿ ಬದಲಾಗಬೇಕು. ಕಿಟಕಿ ಎಲ್ಲ ಮುಚ್ಚಿದ್ದರೆ ಬಾಟಲಿಗೆ ಬಾಯಿಟ್ಟು ಉಸಿರೆಳೆದ ಹಾಗೆ, ಏನೂ ಬರುವುದಿಲ್ಲ. ಕಡಿಮೆ ಅಂದರೆ ಒಂದು ಚದರ ಅಡಿಯಷ್ಟಾದರೂ ಕಿಟಕಿ ತೆರೆದಿರಬೇಕು. ಸೊಳ್ಳೆ ಪರದೆ ಇದ್ದರೆ ಇನ್ನೂ ಜಾಸ್ತಿ. ಯಾಕಂದರೆ ಪರದೆ ಗಾಳಿ ತಡೆಯುತ್ತದೆ.

ಇನ್ನು ಜಾಗ. ಮಧ್ಯದಲ್ಲಿ ಹಾಕಿದರೆ ಎರಡೂ ಕಡೆಗೆ ಸಮ ಅಂತ ಅನ್ನಿಸುತ್ತದೆ. ಆದರೆ ಪಕ್ಕದ ಕಿಟಕಿಯಿಂದ ಬಂದ ಗಾಳಿ ನೇರವಾಗಿ ಮೇಲಿನ ಫ್ಯಾನ್‌ಗೆ ಹೋಗಿಬಿಡುತ್ತದೆ, ಮಂಚದ ಹತ್ತಿರ ಸುಳಿಯುವುದೇ ಇಲ್ಲ. ನಿಮ್ಮದು ಹಿಂದೆ ಮಂಚ, ಮಧ್ಯೆ ಅಡುಗೆ. ಒಂದೇ ಫ್ಯಾನ್ ಹಾಕುವುದಾದರೆ ನಾನು ಅಡುಗೆ ಕಟ್ಟೆಯ ಮೇಲಕ್ಕೆ, ಸ್ವಲ್ಪ ಮುಂದಕ್ಕೆ ಹಾಕುತ್ತೇನೆ. ರಾತ್ರಿ ಮಲಗುವಾಗ ಮಂಚದ ತಲೆ ಹತ್ತಿರದ ಕಿಟಕಿ ಮಾತ್ರ ತೆಗೆದು ಬೇರೆಲ್ಲ ಮುಚ್ಚುವುದು. ಆಗ ಹೊರಗಿನ ತಂಪು ಗಾಳಿ ನಿಮ್ಮ ಮೈ ಮೇಲೆ ಹಾದುಹೋಗಿ ಮುಂದೆ ಮೇಲಕ್ಕೆ ಹೋಗುತ್ತದೆ. ಒಗ್ಗರಣೆ ಹಾಕುವಾಗ ಘಾಟು ಅಲ್ಲಿಂದಲೇ ಹೊರಗೆ. ಮಂಚದ ಮೇಲೆ ಫ್ಯಾನ್ ಹಾಕುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಒಗ್ಗರಣೆಯ ಎಣ್ಣೆ ಹೊಗೆ ಹಾಸಿಗೆ ದಾಟಿ ಹೋಗಬೇಕು ಅನ್ನುವುದು ನನಗೆ ಇಷ್ಟವಿಲ್ಲ. ಫ್ಯಾನ್ ಕೂರಿಸಿದ ಮೇಲೆ ಒಂದು ಊದುಬತ್ತಿ ಹಚ್ಚಿ ಕಿಟಕಿ ಹತ್ತಿರ ಹಿಡಿದು ನೋಡಿ. ಹೊಗೆ ಎಲ್ಲಿ ಹೋಗುತ್ತದೆ, ಎಲ್ಲಿ ಸುತ್ತಿಕೊಂಡು ನಿಲ್ಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಎಸಿ ವಿಚಾರಕ್ಕೂ ಇಲ್ಲೇ ಉತ್ತರ ಇದೆ. ಫ್ಯಾನ್ ಹೊರಗಿನ ಗಾಳಿಗಿಂತ ತಂಪು ಮಾಡಲಾರದು, ಅದು ನಿಜ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಫ್ಯಾನ್‌ನಿಂದ ಸುಖ ನಿರೀಕ್ಷಿಸಬೇಡಿ. ಆದರೆ ನಮ್ಮ ಬಯಲುಸೀಮೆಯಲ್ಲಿ ಸೂರ್ಯ ಮುಳುಗಿದ ಮೇಲೆ ಹೊರಗೆ ಬೇಗ ತಣ್ಣಗಾಗುತ್ತದೆ. ಗಾಡಿ ಒಳಗಿನ ಪ್ಲೈವುಡ್ ಮಾತ್ರ ಬಿಸಿ ಹಿಡಿದುಕೊಂಡೇ ಇರುತ್ತದೆ. ಆ ಬಿಸಿ ಹೊರಗೆ ತಳ್ಳುವುದಕ್ಕೆ ಫ್ಯಾನ್ ಸಾಕು. ನಂದಿ 1,478 ಮೀಟರ್ ಎತ್ತರದಲ್ಲಿದೆ. ಅದರ ತಪ್ಪಲಲ್ಲಿ ಅಥವಾ ಆವಲಬೆಟ್ಟದ ಕಡೆ ರಾತ್ರಿ ನಿಂತರೆ ಎಸಿ ನೆನಪೂ ಬರುವುದಿಲ್ಲ. ಅಲ್ಲಿ ಬೇರೆ ಸಮಸ್ಯೆ. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರು, ಬೆವರಿನಿಂದ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಚಳಿಗೆ ಅದು ತಗಡಿನ ಒಳಮೈಗೆ ಹನಿಯಾಗಿ ಕೂರುತ್ತದೆ, ಪ್ಯಾನೆಲ್ ಹಿಂದೆ ಇಳಿದು ತುಕ್ಕು ಹಿಡಿಸುತ್ತದೆ. ಚಳಿಗಾಲದಲ್ಲೂ ಫ್ಯಾನ್ ಸಣ್ಣಗೆ ಓಡುತ್ತಿರಲಿ ಅನ್ನುವುದು ಇದಕ್ಕೇ.

ಕರಾವಳಿಗೆ ಹೋದರೆ ಕಥೆ ಬೇರೆ, ಅಲ್ಲಿ ರಾತ್ರಿಯೂ ಸೆಕೆ. ಮಂಚದ ಹತ್ತಿರ ಒಂದು ಸಣ್ಣ 12 ವೋಲ್ಟ್ ಫ್ಯಾನ್ ಸಿಕ್ಕಿಸಿಕೊಳ್ಳಿ.

ಕತ್ತರಿಸುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರಿಗೆ ಕೆಡುವುದು ಇಲ್ಲೇ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಒಳಗಿನ ಟಾಪ್ ಲೈನಿಂಗ್ ತೆಗೆಸಿ. ತಗಡಿನ ಕೆಳಗೆ ಅಡ್ಡಡ್ಡ ರಿಬ್‌ಗಳು (ಆಧಾರದ ಪಟ್ಟಿಗಳು) ಕಾಣುತ್ತವೆ. ಅವೇ ಟಾಪ್‌ನ ಬೆನ್ನೆಲುಬು, ಒಂದನ್ನೂ ಕತ್ತರಿಸಲು ಬಿಡಬೇಡಿ. ಎರಡು ರಿಬ್ ನಡುವೆ 14 ಇಂಚು ಸಿಗುತ್ತದಾ ಅಂತ ಅಳೆಯಿರಿ. ಲೈಟಿನ ವೈರ್ ಎಲ್ಲಿ ಹೋಗಿದೆ ನೋಡಿ. ನಾಲ್ಕು ಮೂಲೆಗೆ ಒಳಗಿನಿಂದಲೇ ಸಣ್ಣ ತೂತು ಹಾಕಿ. ಆಮೇಲೆ ಮೇಲೆ ಹತ್ತಿ, ಆ ನಾಲ್ಕು ತೂತು ಸೇರಿಸಿ ಗೆರೆ ಎಳೆದು, ಫ್ಯಾನಿನ ಚೌಕಟ್ಟನ್ನೇ ಇಟ್ಟು ಸರಿಯಾಗಿ ಕೂರುತ್ತದಾ ಅಂತ ನೋಡಿ. ಅಳತೆ ಪುಸ್ತಕದ್ದಲ್ಲ, ನಿಮ್ಮ ಕೈಯಲ್ಲಿರುವ ಚೌಕಟ್ಟಿನದೇ ಆಗಿರಲಿ.

ಗ್ರೈಂಡರ್ ಬೇಡ ಅಂದದ್ದಕ್ಕೆ ಕಾರಣ ಕಿಡಿ. ಬಿಸಿ ಕಿಡಿ ಪೇಂಟಿನೊಳಗೆ, ಗಾಜಿನೊಳಗೆ ಚುಚ್ಚಿಕೊಳ್ಳುತ್ತದೆ. ಕತ್ತರಿಸಿದ ಅಂಚಿನ ಸುತ್ತ ಪೇಂಟ್ ಸುಟ್ಟು ಉದುರುತ್ತದೆ. ಅದರ ಬದಲು ಜಿಗ್ ಸಾ, ಅಂದರೆ ಬ್ಲೇಡ್ ಮೇಲೆ ಕೆಳಗೆ ಆಡುವ ಗರಗಸದ ಮೆಷಿನ್, ಬಳಸಲಿ. ಅದಕ್ಕೆ ಸಣ್ಣ ಹಲ್ಲಿನ, ತಗಡು ಕತ್ತರಿಸುವ ಬ್ಲೇಡ್ ಹಾಕಿಸಿ. ಗೆರೆಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಮೆಷಿನ್‌ನ ಪಾದ ಪೇಂಟ್ ಗೀರುವುದಿಲ್ಲ. ಕೊನೆಯ ಬದಿ ಕತ್ತರಿಸುವಾಗ ತುಂಡು ಅದುರಿ ಬಾಗುತ್ತದೆ, ಒಳಗೆ ನಿಂತು ಒಬ್ಬರು ಕೆಳಗಿನಿಂದ ಹಿಡಿದುಕೊಳ್ಳಬೇಕು. ಅವರ ಕಣ್ಣಿಗೆ ಕನ್ನಡಕ ಇರಲಿ.

ಕತ್ತರಿಸಿದ ಅಂಚನ್ನು ಅರದಲ್ಲಿ ಉಜ್ಜಿ. ಬೆರಳಾಡಿಸಿದರೆ ಗೀರಬಾರದು. ಹೊಳೆಯುವ ಬರಿ ತಗಡು ಎಲ್ಲಿ ಕಂಡರೂ ಅಲ್ಲಿ ತುಕ್ಕಿನ ಪ್ರೈಮರ್, ಒಣಗಿದ ಮೇಲೆ ಪೇಂಟ್. ಸಂಜೆಗೇ ಮುಗಿಯುವ ಕೆಲಸ ಅಲ್ಲ ಅಂತ ಹೇಳುವುದು ಈ ಒಣಗುವ ಸಮಯದಿಂದಲೇ. ಟಾಪ್ ಮೇಲೆ ಬಿದ್ದ ತಗಡಿನ ಪುಡಿ ತೆಗೆಯುವುದನ್ನು ಜನ ಮರೆಯುತ್ತಾರೆ. ಅದು ಟಾಪ್ ಅಂಚಿನ ನೀರಿಳಿಯುವ ಗಟಾರದಲ್ಲಿ ಕೂರುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ಬೆಳಗ್ಗೆ ಪ್ರತಿ ಚೂರಿನ ಸುತ್ತ ಕಂದು ಚುಕ್ಕೆ ಮೂಡಿರುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಅವತ್ತೇ ವ್ಯಾಕ್ಯೂಮ್ ಹಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಗೆ ಬೀಳುವುದಕ್ಕೆ ತೂತಿನ ಕೆಳಗೆ ಹಳೇ ಬೆಡ್‌ಶೀಟ್ ಜೋಳಿಗೆ ಹಾಗೆ ಕಟ್ಟಿರಿ.

ಸಿಲಿಕಾನ್ ಯಾಕೆ ಬೇಡ? ಹುಳಿ ವಾಸನೆ ಬರುವ ಮಾಮೂಲಿ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಅದು ಬರಿ ಕಬ್ಬಿಣಕ್ಕೆ ಆಗಿಬರುವುದಿಲ್ಲ. ಸೋರಲು ಶುರುವಾದರೆ ಅದರ ಮೇಲೆ ಬೇರೆ ಯಾವುದೂ ಅಂಟುವುದಿಲ್ಲ, ಪೇಂಟ್ ಕೂಡ. ಎಪಾಕ್ಸಿ ಪುಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಗಾಡಿ ಅದುರಿದಾಗ ಬಿರುಕು ಬಿಡುತ್ತದೆ. ಚೌಕಟ್ಟಿನ ಕೆಳಗೆ ಬ್ಯೂಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟು ಪಟ್ಟಿ) ಹಾಕಿ. ಅದು ಯಾವತ್ತೂ ಪೂರ್ತಿ ಗಟ್ಟಿಯಾಗುವುದಿಲ್ಲ, ತಗಡಿನ ಜೊತೆ ಹಿಗ್ಗಿ ಕುಗ್ಗುತ್ತದೆ. ಮೇಲಿನ ಅಂಚಿಗೆ ಮತ್ತು ಸ್ಕ್ರೂ ತಲೆಗಳಿಗೆ ಗಾಡಿಗಳಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್. ಸಿಕಾಫ್ಲೆಕ್ಸ್ 221 ಥರದ್ದು. ಬೆಂಗಳೂರಿನ ಜೆಸಿ ರೋಡ್‌ನಲ್ಲಿ, ಬಾಡಿ ಬಿಲ್ಡಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಪಾಲಿಯುರೆಥೇನ್ ಬಿಸಿಲಿಗೆ ವರ್ಷಗಳ ಮೇಲೆ ಸೀಳುತ್ತದೆ, ಹಾಗಾಗಿ ಪ್ರತಿ ಮಳೆಗಾಲದ ಮುಂಚೆ ಒಮ್ಮೆ ಮೇಲೆ ಹತ್ತಿ ನೋಡುವುದು ರೂಢಿಯಾಗಲಿ.

ಟಾಪ್ ಅಂಚಿನ ಕಡೆಗೆ ಬಾಗಿರುತ್ತದೆ, ಫ್ಯಾನಿನ ಚೌಕಟ್ಟು ಮಾತ್ರ ಚಪ್ಪಟೆ. ಎರಡು ಬದಿ ಸಂದು ಬಿಡುತ್ತದೆ. ಅಲ್ಲಿ ಬ್ಯೂಟೈಲ್ ಎರಡು ಮೂರು ಪದರ ಹಾಕಿ ತುಂಬಬೇಕು. ಸ್ಕ್ರೂ ಬಲವಾಗಿ ಎಳೆದು ಸಂದು ಮುಚ್ಚಲು ಹೋದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಬಳಸಿ, ಎದುರು ಬದುರು ಬದಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಟೇಪ್ ಅಂಚಿನಿಂದ ಒಂದೇ ಸಮ ಹೊರಗೆ ಉಬ್ಬಿ ಬಂದರೆ ಸಾಕು. ಬಿಸಿಲಿಗೆ ಬ್ಯೂಟೈಲ್ ಮೆತ್ತಗಾಗಿ ಕೂರುತ್ತದೆ, ಮಾರನೇ ದಿನ ಇನ್ನೊಂದು ಸುತ್ತು ಬಿಗಿಯಿರಿ. ತಗಡೊಂದೇ ಸ್ಕ್ರೂ ಹಿಡಿಯಲಾರದು. ಕೆಳಗೆ ಅಲ್ಯೂಮಿನಿಯಂ ಪಟ್ಟಿ ಅಥವಾ ನೀರು ತಡೆಯುವ ಐಎಸ್ 710 ಮೆರೈನ್ ಪ್ಲೈವುಡ್ ಚೌಕಟ್ಟು ಕೊಡಿ.

ಫ್ಯಾನಿನ ಮುಚ್ಚಳದ ಕೀಲು ಗಾಡಿಯ ಮುಂದಿನ ಕಡೆಗೆ ಬರಬೇಕು, ಬಾಯಿ ಹಿಂದಕ್ಕೆ. ಮರೆತು ತೆರೆದಿಟ್ಟು ಹೈವೇಗೆ ಹೋದರೂ ಗಾಳಿ ಅದನ್ನು ಮುಚ್ಚುವ ಕಡೆಗೆ ಒತ್ತುತ್ತದೆ. ತಿರುಗಿಸಿ ಹಾಕಿದರೆ ಕಿತ್ತುಕೊಂಡು ಹೋಗುತ್ತದೆ. ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ ಫ್ಯಾನಿನ ನೆರಳು ಅದರ ಮೇಲೆ ಬೀಳದ ಹಾಗೆ ಈಗಲೇ ಜಾಗ ಬಿಡಿ. ಒಂದು ಮೂಲೆಗೆ ನೆರಳು ಬಿದ್ದರೂ ಪ್ಯಾನೆಲ್‌ನ ಕರೆಂಟ್ ಬಹಳ ಇಳಿಯುತ್ತದೆ.

ವೈರಿಂಗ್‌ನಲ್ಲಿ ಒಂದು ಮಾತು ಮುಖ್ಯ. 12 ವೋಲ್ಟ್‌ಗೆ ಸಣ್ಣ ವೈರ್ ಎಳೆಯಬೇಡಿ. ಬ್ಯಾಟರಿಯಿಂದ ಫ್ಯಾನ್‌ಗೆ 5 ಮೀಟರ್ ಇದ್ದರೆ ಹೋಗಿಬರುವ ದಾರಿ 10 ಮೀಟರ್. 4 ಆಂಪಿಯರ್ ಹರಿದರೆ 1 ಸ್ಕ್ವೇರ್ ಎಂಎಂ ವೈರಿನಲ್ಲಿ ಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ. 2.5ರಲ್ಲಿ ಸುಮಾರು 0.3 ವೋಲ್ಟ್ ಅಷ್ಟೇ. ನೆಗೆಟಿವ್ ಅನ್ನು ಬಾಡಿಗೆ ಕೊಡದೆ ಬ್ಯಾಟರಿವರೆಗೂ ತನ್ನಿ. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ, ಫ್ಯಾನ್ ಹತ್ತಿರ ಅಲ್ಲ. ರಾತ್ರಿ ಸಣ್ಣ ವೇಗದಲ್ಲಿ 1 ಆಂಪಿಯರ್ ಎಳೆದರೆ 8 ಗಂಟೆಗೆ 8 ಆಂಪಿಯರ್ ಅವರ್. ಜೋರಾಗಿ ಓಡಿಸಿದರೆ 32. ಸ್ಟಾರ್ಟಿಂಗ್ ಬ್ಯಾಟರಿಯಿಂದ ಕೊಟ್ಟರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದೇ ಹೋಗಬಹುದು. ಎರಡನೇ ಬ್ಯಾಟರಿ ಬೇಕು. ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ತಂದು ಮಂಚದ ಕೆಳಗೆ ಇಡುತ್ತಾರೆ ಕೆಲವರು. ದಯವಿಟ್ಟು ಬೇಡ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಅದು ಬೆಂಕಿ ಹಿಡಿಯುವ ಅನಿಲ. ಮಲಗುವ ಜಾಗದಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಳ್ಳೆಯದು.

ಈಗ ನನಗೆ ನಿಜವಾಗಿಯೂ ಚಿಂತೆ ಇರುವ ವಿಷಯ. ನೀವು ಒಳಗೆ ಗ್ಯಾಸ್ ಒಲೆ ಇಟ್ಟಿದ್ದೀರಿ. ಟಾಪ್ ಫ್ಯಾನ್ ಇದೆ, ಗ್ಯಾಸ್ ಸೋರಿದರೆ ಹೊರಗೆ ಹೋಗುತ್ತದೆ ಅಂತ ನೆಮ್ಮದಿಯಾಗಿರಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ನಿಲ್ಲುತ್ತದೆ. ಸಿಲಿಂಡರ್ ಇಟ್ಟ ಪೆಟ್ಟಿಗೆಗೆ ತಳದಲ್ಲಿ ಹೊರಗೆ ತೆರೆಯುವ ತೂತು ಬೇಕೇ ಬೇಕು. ಗ್ಯಾಸ್ ವಾಸನೆ ಬಂದರೆ ಫ್ಯಾನಿನ ಸ್ವಿಚ್ಚೂ ಮುಟ್ಟಬೇಡಿ, ಬಾಗಿಲು ತೆಗೆದು ಇಳಿಯಿರಿ. ಇನ್ನೊಂದು. ಗಾಡಿ ನಿಲ್ಲಿಸಿ ಎಂಜಿನ್ ಆನ್ ಇಟ್ಟು ಫ್ಯಾನ್ ಹೊರಗೆ ಎಳೆಯುವ ಕಡೆ ಓಡಿಸಬೇಡಿ. ಕಿಟಕಿ ಮುಚ್ಚಿದ್ದರೆ ಗಾಳಿ ಹಿಂಬಾಗಿಲ ಹಳೇ ರಬ್ಬರ್ ಸಂದಿನಿಂದ ಬರುತ್ತದೆ, ಅದರ ಜೊತೆ ಸೈಲೆನ್ಸರ್ ಹೊಗೆಯೂ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಕಂಡುಹಿಡಿಯುವ ಅಲಾರಂ ಒಂದು ಮಂಚದ ಹತ್ತಿರ ಇರಲಿ.

ನಮ್ಮ ಕಡೆಯ ರಸ್ತೆಗಳಿಗೆ ಸಂಬಂಧಿಸಿದ್ದು ಎರಡು ಮೂರು. ತಿಪಟೂರು ಕಡೆ ಹೋದರೆ ತೋಟದ ನೆರಳು ಚೆನ್ನಾಗಿದೆ ಅಂತ ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ಕಾಯಿ ಬೇಡ, ಒಣ ಮಟ್ಟೆ ಬಿದ್ದರೂ ಮುಚ್ಚಳ ಒಡೆಯುತ್ತದೆ. ದೇವರಾಯನದುರ್ಗ, ಅಂತರಗಂಗೆಯಲ್ಲಿ ಕೋತಿ. ದುರ್ಗದ ಮೇಲೆ ಒಂದು ಕೋತಿ ಮರಿ ಪಕ್ಕದ ಗಾಡಿಯ ತೆರೆದ ಮುಚ್ಚಳದ ಕೆಳಗೆ ಕೈ ತೂರಿಸಿ, ಪರದೆಯ ಮೂಲೆ ಹಿಡಿದು ನಿಧಾನವಾಗಿ ಎಳೆಯುತ್ತಿತ್ತು. ಒಳಗೆ ಬಾಳೆಹಣ್ಣು ಇತ್ತು. ಬೆಟ್ಟದ ಮೇಲೆ ಗಾಡಿ ಬಿಟ್ಟು ಹೋಗುವಾಗ ಮುಚ್ಚಿಯೇ ಹೋಗಿ. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಆ ಹೊಟ್ಟು ಪರದೆಗೆ ಕೂತರೆ ಗಾಳಿ ಅರ್ಧಕ್ಕೆ ಇಳಿಯುತ್ತದೆ, ಪರದೆ ಬಿಚ್ಚಿ ಸೋಪು ನೀರಲ್ಲಿ ತೊಳೆಯಿರಿ. ಮುಚ್ಚಿದಾಗಲೂ ಫ್ಯಾನ್ ಟಾಪ್ ಮೇಲೆ ಒಂದಷ್ಟು ಎತ್ತರ ನಿಲ್ಲುತ್ತದೆ. ಹೊಸ ಎತ್ತರ ಅಳೆದು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ. ರೈಲ್ವೆ ಅಂಡರ್‌ಪಾಸ್‌ನ ಕಂಬಿ ಮುಂದೆ ನಿಂತು ಲೆಕ್ಕ ಹಾಕುವ ಹಾಗಾಗಬಾರದು.

ಕಾಗದ ಪತ್ರದ ವಿಚಾರ: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆ ಇದೆ. ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡು ಸುಮ್ನೆ ಮಾಡುವ ಹಾಗಿಲ್ಲ. ಸೀಟು ತೆಗೆಸಿದ್ದೀರಿ ಅಂದ ಮೇಲೆ ನಿಮಗೆ ಅದು ಫ್ಯಾನಿಗಿಂತ ದೊಡ್ಡ ವಿಷಯ. ಚಿಕ್ಕಬಳ್ಳಾಪುರ ಆರ್‌ಟಿಓದಲ್ಲಿ ಮೊದಲೇ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಸೀಲೆಂಟ್ ಪೂರ್ತಿ ಒಣಗಿದ ಮೇಲೆ ಪೈಪ್ ನೀರು ಬಿಡಿಸಿ ನೋಡಿ. ಒಬ್ಬರು ಮೇಲೆ ನೀರು ಬಿಡಲಿ, ನೀವು ಟಾರ್ಚ್ ಹಿಡಿದು ಒಳಗೆ ಕೂತು ಅಂಚನ್ನೇ ನೋಡಿ. ಲೈನಿಂಗ್ ಆಮೇಲೆ ಹಾಕಿಸಿ, ಮುಂಚೆ ಹಾಕಿಸಿದರೆ ಸೋರಿದ್ದು ಕಾಣುವುದಿಲ್ಲ. ಭರಣಿ ಮಳೆಗೆ ಮುಂಚೆ ಮುಗಿಸಿಕೊಂಡರೆ ಒಳ್ಳೆಯದು. ಲೈನಿಂಗ್ ಬಿಚ್ಚಿದ ದಿನ ಒಳಗಿನಿಂದ ಟಾಪ್‌ನ ಒಂದು ಫೋಟೋ ಇಲ್ಲೇ ಹಾಕಿ, ಪಕ್ಕದಲ್ಲಿ ಟೇಪ್ ಹಿಡಿದು ಅಳತೆ ಕಾಣುವ ಹಾಗೆ. ರಿಬ್ ಎಲ್ಲಿವೆ ನೋಡಿ ಜಾಗ ಹೇಳುತ್ತೇನೆ. ಅಲ್ಲಿಯವರೆಗೆ ಟಿಂಕರ್‌ಗೆ ಸ್ವಲ್ಪ ತಡೆಯಿರಿ ಅನ್ನಿ.