ಟಿಕ್‌ಗೆ ಹೊಸ ಗುಳಿಗೆ ತರಿಸಬೇಕಾ?

ಪ್ರಶ್ನೆ: ಮಗನಿಗೆ 9 ವರ್ಷ. ಕಣ್ಣು ಮಿಟುಕಿಸುತ್ತಾನೆ, ಹೆಗಲು ಹಾರಿಸುತ್ತಾನೆ, ಗಂಟಲಲ್ಲಿ ಸದ್ದು ಮಾಡುತ್ತಾನೆ. ಇವು ಟಿಕ್, ಅಂದರೆ ಬೇಡವೆಂದರೂ ಮತ್ತೆ ಮತ್ತೆ ಬರುವ ಚಲನೆ, ಸದ್ದು; ಕಾಯಿಲೆಯ ಹೆಸರು ಟುರೆಟ್ ಅಂದಿದ್ದಾರೆ. ಅಮೆರಿಕದ ಎಕೋಪಿಪಾಮ್ ಗುಳಿಗೆ ತರಿಸಬಹುದಾ?
— ತಾಯಿಯೊಬ್ಬರು, ಸೇಡಂ

ಬೇಡ ತಾಯಿ. ಇದೇ ಪ್ರಶ್ನೆ ಎಷ್ಟು ಸಲ ಬಂತೋ. ತರಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಗುಳಿಗೆಯಲ್ಲಿ ಹುರುಳಿದೆ. ಟಿಕ್‌ಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಿಗಳು, ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕದ ಡಿ2 ದಾರಿ ಮುಚ್ಚುತ್ತವೆ. ಎಕೋಪಿಪಾಮ್ ಡಿ1 ದಾರಿ ಮುಚ್ಚುತ್ತದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 153 ಮಕ್ಕಳಿದ್ದರು. 12 ವಾರದಲ್ಲಿ, ಔಷಧಿಯಿಲ್ಲದ ಖಾಲಿ ಗುಳಿಗೆಗಿಂತ ಇದರಿಂದ ಟಿಕ್ ಸುಮಾರು ಶೇ 30ರಷ್ಟು ತಗ್ಗಿತು. ಹಳೆಯವುಗಳಂತೆ ಮೈತೂಕ ಏರಲಿಲ್ಲ. ನನಗೂ ಖುಷಿಯಾಯಿತು.

ಆದರೆ ಟಿಕ್‌ಗೇ ಪ್ರಯೋಗಿಸಿ ನೋಡಿದ ಇನ್ನೊಂದು ಔಷಧಿ ಡ್ಯುಟೆಟ್ರಾಬೆನಜಿನ್ ಕಥೆ ಮರೆಯೋಕಾಗಲ್ಲ. ಸಣ್ಣ ಪ್ರಯೋಗದಲ್ಲಿ ಗೆದ್ದಂತೆ ಕಂಡಿತು. ಎರಡು ದೊಡ್ಡ ಪ್ರಯೋಗಗಳಲ್ಲಿ ಖಾಲಿ ಗುಳಿಗೆಯನ್ನೂ ಮೀರಿಸಲಿಲ್ಲ. ಟಿಕ್ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಜೋರಾದಾಗ ನೀವು ಓಡಿ ಬರುತ್ತೀರಿ. ಆಮೇಲೆ ಏನು ಕೊಟ್ಟರೂ ಕಡಿಮೆಯಾದಂತೆ ಕಾಣುತ್ತದೆ. ತಾಯತಕ್ಕೆ, ಪುಡಿಗೆ, ಬರೆಗೆ ಹೆಸರು ಬಂದಿದ್ದು ಹೀಗೇ. ಬರೆ ಹಾಕಿಸಿದ್ದ ಏಳು ವರ್ಷದ ಹುಡುಗಿಯ ಕೈ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಬರೆ ಹಾಕುವವರಿಗೆ ನಾಚಿಕೆಯಾಗಬೇಕು.

ಈಗಲೇ ಮಾಡಬಹುದಾದದ್ದು ಅಭ್ಯಾಸ ಬದಲಿಸುವ ತರಬೇತಿ. ಟಿಕ್ ಬರುವ ಮುಂಚೆ ಸೀನು ಬರುವಂತೆ ಒಂದು ಒತ್ತಡ ಏಳುತ್ತದೆ. ಅದನ್ನು ಗುರುತಿಸಲು ಮಗು ಕಲಿಯಬೇಕು. ಹೆಗಲು ಹಾರುವಂತಾದರೆ ಮೊಣಕೈ ಪಕ್ಕೆಗೆ ಒತ್ತಿ, ಒತ್ತಡ ಇಳಿಯುವವರೆಗೆ ಹಿಡಿಯಬೇಕು. 2010ರಲ್ಲಿ 126 ಮಕ್ಕಳ ಮೇಲೆ 10 ವಾರ ನೋಡಿದರು. ಕಲಿತವರಲ್ಲಿ ಶೇ 52.5 ಮಕ್ಕಳು ಸುಧಾರಿಸಿದರು, ಬರೀ ತಿಳಿವಳಿಕೆ ಮತ್ತು ಸಮಾಧಾನದ ಮಾತು ಸಿಕ್ಕವರಲ್ಲಿ ಶೇ 18.5. ನಮ್ಮ ಕಲಬುರಗಿ ಕಡೆ ಇದನ್ನು ಕಲಿಸುವವರು ಸಿಗುವುದೇ ಕಷ್ಟ, ಅದೇ ನನ್ನ ಸಂಕಟ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಕೇಳಿ. ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ.

ಇನ್ನೊಂದು ಮಾತು. ಸಾಮಾನ್ಯವಾಗಿ 10ರಿಂದ 12ನೇ ವಯಸ್ಸಿನಲ್ಲಿ ಟಿಕ್ ಜಾಸ್ತಿ. ಆಗ ಹೆದರಬೇಡಿ. ಹರೆಯ ದಾಟುವಾಗ ಬಹಳ ಮಕ್ಕಳಿಗೆ ಇಳಿಯುತ್ತದೆ.

ಪ್ರಶ್ನೆ: ಕೈಗೆ ಕಟ್ಟುವ ಕರೆಂಟ್ ಪಟ್ಟಿ ಆನ್‌ಲೈನ್‌ನಲ್ಲಿದೆ. ಕೊಳ್ಳಲಾ? — ಆಳಂದ

ಬೇಡ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಟಿಕ್‌ಗೆಂದು ಪ್ರಯೋಗಿಸಿದ ಕೈಪಟ್ಟಿ ಯಂತ್ರವೇ ಬೇರೆ, ಆನ್‌ಲೈನ್‌ನಲ್ಲಿ ಮಾರುವ ಪಟ್ಟಿಯೇ ಬೇರೆ.

ಪ್ರಶ್ನೆ: ಮೊಬೈಲ್‌ನಿಂದ ಬಂತಾ? — ಅಫಜಲಪುರ

ಇಲ್ಲ. ಮೊಬೈಲನ್ನು ಸುಮ್ನೆ ಬೈಯಬೇಡಿ.

ಪ್ರಶ್ನೆ: ಮಾಸ್ತರರು ಹೊಡೆದು ಬಿಡಿಸುತ್ತೇನೆ ಅಂತಾರೆ. — ಚಿಂಚೋಳಿ

ಈ ಪುಟ ಅವರಿಗೆ ತೋರಿಸಿ. ಹೊಡೆದರೆ, ಬೈದರೆ ಟಿಕ್ ಜಾಸ್ತಿಯಾಗುತ್ತದೆ.