ಇಳಿದ ಎಂಟು ಕಿಲೋದಲ್ಲಿ ಕೊಬ್ಬೆಷ್ಟು?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ವಯಸ್ಸು 52, ಬಟ್ಟೆ ಅಂಗಡಿಯಲ್ಲಿ ದಿನವಿಡೀ ಕುಳಿತೇ ಇರುವ ಕೆಲಸ. ರಾತ್ರಿ ಊಟ ಬಿಟ್ಟು ಬರೀ ಹಣ್ಣು ತಿನ್ನತೊಡಗಿದ ಮೇಲೆ ಕೆಲವೇ ತಿಂಗಳಲ್ಲಿ ತೂಕ 92 ಕಿಲೋದಿಂದ 84ಕ್ಕೆ ಇಳಿದಿದೆ. ಆದರೆ ಕೊಬ್ಬಿನ ಪ್ರಮಾಣ ಶೇ 37 ಎಂದಿದ್ದ ಜಿಮ್ಮಿನ ಯಂತ್ರ ಈಗಲೂ ಶೇ 36 ಎನ್ನುತ್ತಿದೆ. ಬಟ್ಟೆಯ ಗಂಟು ಎತ್ತಲು ತೋಳಿನಲ್ಲಿ ಮೊದಲಿನ ಕಸುವಿಲ್ಲ. ಹೀಗೇಕೆ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಉತ್ತರ ತಾವು ಬರೆದ ಅಂಕಿಗಳಲ್ಲೇ ಇದೆ. 92 ಕಿಲೋದಲ್ಲಿ ಶೇ 37 ಎಂದರೆ 34 ಕಿಲೋ ಕೊಬ್ಬು, 84ರಲ್ಲಿ ಶೇ 36 ಎಂದರೆ 30 ಕಿಲೋ. ಅಂದರೆ ಕರಗಿದ ಕೊಬ್ಬು ನಾಲ್ಕೇ ಕಿಲೋ. ಮಿಕ್ಕ ನಾಲ್ಕು ಕಿಲೋ ಸ್ನಾಯು, ನೀರು ಮುಂತಾದ ಕೊಬ್ಬಲ್ಲದ ಭಾಗದಿಂದ ಹೋಗಿದೆ. ತೂಕ ಇಳಿಯುವಾಗ ಸಾಮಾನ್ಯವಾಗಿ ಕಾಲು ಭಾಗದಷ್ಟು ಹೀಗೆ ಹೋಗುವುದುಂಟು, ಅರ್ಧದಷ್ಟು ಹೋಗುವುದು ಹೆಚ್ಚೇ ಆಯಿತು. ಆ ಯಂತ್ರ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ನೀರಿನ ಅಂಶದ ಮೇಲೆ ಅಂದಾಜು ಕಟ್ಟುವುದರಿಂದ ಅದರ ಲೆಕ್ಕ ಆಚೀಚೆ ಆಗಬಹುದು ನಿಜ. ಆದರೆ ತೋಳಿನ ಕಸುವು ಕುಗ್ಗಿದ್ದೂ ಅದೇ ಮಾತನ್ನು ಹೇಳುತ್ತಿದೆ.

ತಮ್ಮ ಊಟವನ್ನು ನೋಡೋಣ. ಬೆಳಗ್ಗೆ ದೋಸೆ, ಮಧ್ಯಾಹ್ನ ಅನ್ನ ಮತ್ತು ತಿಳಿಸಾರು, ಸಂಜೆ ಮಂಡಕ್ಕಿ–ಮೆಣಸಿನಕಾಯಿ, ರಾತ್ರಿ ಬಾಳೆಹಣ್ಣು, ಪಪ್ಪಾಯಿ. ನಾಲ್ಕು ಹೊತ್ತೂ ಬಹುಪಾಲು ಪಿಷ್ಟ ಮತ್ತು ಸಕ್ಕರೆಯೇ. ಇದು ತಮ್ಮೊಬ್ಬರ ಕಥೆಯಲ್ಲ: ಭಾರತೀಯರ ಆಹಾರದ ಕ್ಯಾಲೊರಿಯಲ್ಲಿ ಶೇ 62ರಷ್ಟು ಪಿಷ್ಟ–ಸಕ್ಕರೆಗಳಿಂದಲೇ ಬರುತ್ತದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ ಕಂಡುಕೊಂಡಿದೆ. ಊಟ ಕಡಿಮೆಯಾಗಿ, ಇದ್ದಬದ್ದ ಪ್ರೋಟೀನ್ ಕೂಡ ತಗ್ಗಿದಾಗ, ದುಡಿಸದೆ ಬಿಟ್ಟ ಸ್ನಾಯುವನ್ನು ದೇಹ ಉಳಿಸಿಕೊಳ್ಳುವುದಿಲ್ಲ. ಹಣ್ಣು ಒಳ್ಳೆಯದೇ, ಆದರೆ ಅದು ಊಟದ ಜಾಗ ತುಂಬಲಾರದು.

ನಮ್ಮವರಿಗೆ ಈ ಎಚ್ಚರ ಹೆಚ್ಚೇ ಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮದೇ ಮೈಯ ಅಳತೆಗಳನ್ನು 2004ರಲ್ಲಿ ಪ್ರಕಟಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) ಕೂಡ 22.3, ಆದರೆ ಯುಡ್ಕಿನ್ ಅವರಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಎತ್ತರಕ್ಕೆ ತಕ್ಕ ತೂಕವಿದ್ದಾಗಲೇ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವ ನಾವು ಬೊಜ್ಜು ಇಳಿಸುವ ಭರದಲ್ಲಿ ಸ್ನಾಯುವನ್ನೂ ಕಳೆದುಕೊಳ್ಳುವುದು ನನಗೆ ನಿಜಕ್ಕೂ ಆತಂಕದ ಸಂಗತಿ.

ಆದ್ದರಿಂದ ರಾತ್ರಿ ಊಟವನ್ನು ಮರಳಿ ತನ್ನಿ, ಆದರೆ ಅಂಗಡಿ ಮುಚ್ಚುವವರೆಗೆ ಕಾಯದೆ ಎಂಟರ ಒಳಗೆ: ಒಂದು ಜೋಳದ ರೊಟ್ಟಿ, ಬಟ್ಟಲು ತುಂಬ ಕಾಳುಪಲ್ಯ, ಮೊಸರು. ಹೊಟ್ಟೆ ತುಂಬುವ ಈ ಊಟಕ್ಕೆ ಜಾಗ ಬೇಕಾದರೆ ಸಂಜೆಯ ಮಂಡಕ್ಕಿ–ಮೆಣಸಿನಕಾಯಿ ಹೋಗಲೇಬೇಕು. ಮಧ್ಯಾಹ್ನ ಅನ್ನ ಅರ್ಧವಾಗಲಿ, ತಿಳಿಸಾರಿನ ಬದಲು ಗಟ್ಟಿ ಬೇಳೆ ಇರಲಿ. 30 ಗ್ರಾಂ ತೊಗರಿಬೇಳೆಯಲ್ಲಿ ಆರು ಗ್ರಾಂ ದಾಟಿ ಪ್ರೋಟೀನ್ ಇರುತ್ತದೆ, ಒಂದು ಮೊಟ್ಟೆಯಲ್ಲೂ ಸುಮಾರು ಅಷ್ಟೇ. ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಎಂಬುದು ಐಸಿಎಂಆರ್ ಶಿಫಾರಸು, ತೂಕ ಇಳಿಸುವಾಗ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಜೊತೆಗೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು, ಬರೀ ನಡಿಗೆ ಸಾಲದು.

ಯಂತ್ರದ ಮೇಲೆ ನಿಲ್ಲುವುದಾದರೆ ಪ್ರತಿ ಸಲವೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಿಲ್ಲಿ. ಅದಕ್ಕಿಂತ ಮುಖ್ಯವಾಗಿ, ಟೇಪು ಹಿಡಿದು ಸೊಂಟ ಅಳೆದು ಬರೆದಿಡಿ; ಭಾರತೀಯ ಗಂಡಸರಿಗೆ ಅದು 90 ಸೆಂಟಿಮೀಟರ್ ಮೀರಬಾರದು.